ಗುಳಗಿ ಬಿಡಬ್ಯಾಡ ಮಗಳ

ಗ್ರೂಪಿನ ಎಲ್ಲಾರಿಗೂ ವಂದನೆ. ಬೆಂಗಳೂರಾಗಿರೋ ನಮ್ಮ ಸಣ್ಣಾಕಿ ರಾತ್ರಿ ಕೇಳ್ಯಾಳಲ್ಲ, ನಿದ್ದಿ ಬರವಲ್ದು, ಆಫೀಸಿಗೆ ಹೊಂಟ್ರ ಎದಿ ಢವಢವ ಅಂತೈತಿ, ಡಾಕ್ಟರ್ ಗುಳಗಿ ಬರದುಕೊಟ್ಟಾರ, ಆಫೀಸಿನ್ಯಾಗ ಮೈಂಡ್‌ಫುಲ್‌ನೆಸ್ ಅಂತ ಸುಮ್ನ ಕುಂತು ಉಸಿರಿನ ಮ್ಯಾಲೆ ಗಮನ ಇಡೂ ಕ್ಲಾಸ್ ಶುರು ಆಗೈತಿ, ಇದೆಲ್ಲಾ ಮಾಡಿದ್ರ ಯೇಸುವಿನ ಮ್ಯಾಲಿನ ನನ್ನ ವಿಶ್ವಾಸ ಕಡಿಮಿ ಅಂತಾತೇನು ದೊಡ್ಡಮ್ಮ, ಅಂತ. ಅದಕ್ಕ ಹೇಳ್ತೀನಿ, ಎಲ್ಲಾರೂ ಪೂರ್ತಿ ಕೇಳ್ರಿ.

ನಿಮ್ಮ ದೊಡ್ಡಪ್ಪನ ಸಂಗತಿ ನಿಮಗ ಗೊತ್ತಿದ್ದದ್ದ. ಆ ಸಾಲದ ವರ್ಷ ರಾತ್ರಿ ಎದ್ದೆದ್ದು ಬಾಗಲ ಚಿಲಕ ನೋಡಿ ಬರ್ತಿದ್ರು. ಧಾರವಾಡದ ಡಾಕ್ಟರ್ ಕೊಟ್ಟ ಗುಳಗಿ ತಗೊಂಡು ಊಟ ನಿದ್ದಿ ಒಂದು ಹದಕ್ಕ ಬಂದಿತ್ತು. ಅಷ್ಟರಾಗ ಚರ್ಚಿನ ಉಪವಾಸ ಪ್ರಾರ್ಥನಿ ಕೂಟಕ್ಕ ಹೊರಗಿಂದ ಬಂದ ಬೋಧಕರೊಬ್ಬರು "ವಿಶ್ವಾಸ ಇದ್ದವಗ ಗುಳಗಿ ಯಾಕ ಬೇಕು?" ಅಂತ ದೊಡ್ಡ ದನೀಲೆ ಕೇಳಿದ್ರು. ಮರುದಿನ ಮುಂಜಾನೆ ನಾ ಹಂಡೇದ ಒಲಿ ಬೂದಿ ತಗೀಲಿಕ್ಕೆ ಕುಂತ್ರ, ಗುಳಗಿ ಪಟ್ಟಿ ಎಲ್ಲಾ ಸುಟ್ಟು ಮುದ್ದಿ ಆಗಿ ಬೂದ್ಯಾಗ ಬಿದ್ದಿದ್ವು. ಮುಂದಿನ ಪವಿತ್ರ ಭೋಜನದ ದಿನ ಮೊಣಕಾಲೂರಿದ ದೊಡ್ಡಪ್ಪ ಪಾತ್ರಿ ಹಿಡೀಬೇಕಾದ್ರ ಕೈ ನಡುಗಿ ದ್ರಾಕ್ಷಾರಸ ಬಿಳಿ ಅಂಗಿ ಮ್ಯಾಲೆ ಚೆಲ್ಲಿತು. ಬೆವರಿಗೆ ಅಂಗಿ ಬೆನ್ನಿಗೆ ಹತ್ತಿತ್ತು. ಅವರನ್ನ ಮತ್ತ ಹದಕ್ಕ ತರಲಿಕ್ಕೆ ಮೊದಲಿನ ಎರಡರಷ್ಟು ದಿನ ಹಿಡೀತು. ಅದಕ್ಕ ಡಾಕ್ಟರನ್ನ ಕೇಳದ ಗುಳಗಿ ಬಿಡಬ್ಯಾಡ ಮಗಳ.

ಬೈಬಲಿನ್ಯಾಗ ಸಾಯೂ ಹಂಗ ಜಡ್ಡು ಬಿದ್ದಿದ್ದ ಹಿಜ್ಕೀಯ ಅರಸನ್ನ ನೋಡು. ಅತ್ತು ಪ್ರಾರ್ಥನಿ ಮಾಡಿದ, ದೇವರು 15 ವರ್ಷ ಆಯುಷ್ಯ ಕೂಡಿಸ್ತೀನಿ ಅಂತ ಮಾತೂ ಕೊಟ್ಟ. ಆದ್ರೂ ಪ್ರವಾದಿ ಯೆಶಾಯ ಏನ್ ಹೇಳ್ದ? ಅಂಜೂರ ಹಣ್ಣು ತಂದು ಹುಣ್ಣಿಗೆ ಕಟ್ರಿ ಅಂದ. ದೇವರ ಮಾತು ಕೊಟ್ಟ ಮ್ಯಾಲೂ ಔಷಧ ಹಚ್ಚಿದ್ರು. ಆ ಬೋಧಕರು ಇದನ್ನ ಓದಿದ್ದಿಲ್ಲೇನು?

ಮತ್ತ ನಮ್ಮ ಚರ್ಚಿನ ಸಭೆಯವರು! ರವಿವಾರ ಎಲ್ಲಾರ ಮುಂದ ದೊಡ್ಡಪ್ಪನ ಹೆಸರ್ಹಿಡದು "ಬುದ್ಧಿ ಸ್ಥಿಮಿತಕ್ಕಾಗಿ ಪ್ರಾರ್ಥಿಸೋಣ" ಅಂದ್ರು. ನನ್ನ ಮಗಳಿಗೆ ಕೂಡಿಬಂದಿದ್ದ ಸಂಬಂಧ ಆ ಒಂದ ಮಾತಿಗೆ ಮುರೀತು. ಸಕ್ಕರಿ, ಬಿಪಿ ಇದ್ದವರ ಮನಿಗೆ ಹಿಂಗಾಗ್ತೈತೇನು? ಧಾರವಾಡಕ್ಕ ಬಸ್ಸಿನ್ಯಾಗ ಜೋಡಿ ಬರ್ತೀನಿ ಅಂದವರು ಒಬ್ಬರೂ ಇಲ್ಲ. ಈ ಗ್ರೂಪಿನವರಿಗೂ ಹೇಳ್ತೀನಿ, ಹೂವಿನ ಫೋಟೋಕ್ಕ "ಚಿಂತೆ ಮಾಡಬೇಡಿರಿ" ಅಂತ ಹಚ್ಚಿ ಕಳಸ್ತೀರಲ್ಲ, ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಆ ಮಾತು ಬರೀಬೇಕಾದ್ರ ಸೆರಿಮನ್ಯಾಗಿದ್ದ. ಅದ ಪತ್ರದಾಗ, ನನ್ನ ಕಷ್ಟದಾಗ ನೀವು ಪಾಲುಗೊಂಡ್ರಿ, ಚಲೋ ಮಾಡಿದ್ರಿ ಅಂತನೂ ಬರದಾನ. ಅದನ್ನ ಯಾರೂ ಫೋಟೋಕ್ಕ ಹಚ್ಚೂದಿಲ್ಲ. ಫೋಟೋ ಕಳಿಸೂ ಬದಲಿ ಈ ಹುಡುಗಿಗೆ ಒಂದು ಫೋನ್ ಮಾಡ್ರಿ.

ಅಯ್ಯ, ನೀ ಕ್ಲಾಸಿನ ಮಾತು ಕೇಳಿದ್ದಿ. ಹೋಗು. ಇಸಾಕ ಸಂಜೀಕ ಧ್ಯಾನ ಮಾಡ್ಲಿಕ್ಕೆ ಅಡವಿಗೆ ಹೋಗಿದ್ದ ಅಂತ ಆದಿಕಾಂಡದಾಗ ಐತಿ, ಸುಮ್ನ ಕುಂದ್ರೂದು ನಮಗೇನು ಹೊರಗಿಂದಲ್ಲ. ಅಲ್ಲಿ ಬ್ಯಾರೆ ದೇವರ ಹೆಸರು ಹೇಳು ಅಂದ್ರ ಆವಾಗ ನನಗ ಹೇಳು. ದೊಡ್ಡಪ್ಪ ಈಗೂ ಮಾಡೂದು ಇಷ್ಟ: ಖುರ್ಚಿ ಮ್ಯಾಲೆ ಕುಂತು ಎರಡೂ ಪಾದ ನೆಲಕ್ಕ ಊರಬೇಕು. ಉಸಿರು ಒಳಗ ತಗೋತ "ಕರ್ತನಾದ ಯೇಸುವೇ", ಬಿಡೂವಾಗ ಇನ್ನೂ ಸಾವಕಾಶ "ನನ್ನನ್ನು ಕರುಣಿಸು". ಮನಸ್ಸು ಆಫೀಸಿಗೆ ಓಡಿದ್ರ ಬೈಕೋಬಾರದು, ಮತ್ತ ಉಸಿರಿಗೆ ತರಬೇಕು. ಈಜಿಪ್ಟಿನ ಮರಳುಗಾಡಿನ್ಯಾಗಿದ್ದ ಹಳೇ ಸನ್ಯಾಸಿಗಳೂ ಹಿಂಗ ಸಣ್ಣ ಪ್ರಾರ್ಥನಿನ ಮತ್ತ ಮತ್ತ ಹೇಳ್ತಿದ್ರು. ಹಾಸಿಗ್ಯಾಗ ಮೊಬೈಲ್ ಹಿಡೀಬ್ಯಾಡ, ಮಧ್ಯಾಹ್ನ ಆದಮ್ಯಾಲೆ ಕಾಫಿ ಬ್ಯಾಡ.

ಗುಳಗಿ ಮಾತ್ರ ಡಾಕ್ಟರನ್ನ ಕೇಳದ ಬಿಡಬ್ಯಾಡ, ಇನ್ನೊಮ್ಮೆ ಹೇಳೀನಿ. ತೂಕಡಿಕಿ ಬಂದ್ರ, ಹೊಟ್ಟಿ ತೊಳಿಸಿದ್ರ ಅವರಿಗೇ ಹೇಳು, ಬದಲಿ ಮಾಡಿ ಕೊಡ್ತಾರ. ರಾತ್ರಿ ಭಾಳ ಕಷ್ಟ ಆತಂದ್ರ 14416ಕ್ಕ ಫೋನ್ ಹಚ್ಚು, ಮನಸ್ಸಿನ ಕಷ್ಟಕ್ಕ ಸರ್ಕಾರ ಇಟ್ಟ ಟೆಲಿ ಮಾನಸ್ ಸಹಾಯವಾಣಿ ಅದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ಹಗಲು ರಾತ್ರಿ ಇರ್ತಾರ. ಡಾಕ್ಟರ್ ಮುಂದಿನ ಸಲ ಯಾವತ್ತು ಬಾ ಅಂದಾರ, ತಾರೀಖು ನನಗ ಒಬ್ಬಾಕಿಗೆ ಕಳಸು, ಗ್ರೂಪಿನ್ಯಾಗ ಹಾಕಬ್ಯಾಡ. ಹಿಂದಿನ ದಿನ ರಾತ್ರಿ ಗಾಡಿ ಹತ್ತಿ ಬರ್ತೀನಿ, ನಿನ್ನ ಜೋಡಿ ದವಾಖಾನ್ಯಾಗ ಕುಂದರ್ತೀನಿ.