ಸಹಾಯ ಬೇಕು: ತಲೆ ಗಾತ್ರದ ಲೆಕ್ಕ ಹೇಗೆ ತಿದ್ದುವುದು?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವಳು. ಮರೆವಿನ ಕಾಯಿಲೆ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 62 ಜನರ ಎಂಆರ್‌ಐನಿಂದ ಫ್ರೀಸರ್ಫರ್ ಎಂಬ ಮಿದುಳು ಅಳೆಯುವ ಸಾಫ್ಟ್‌ವೇರ್‌ನಲ್ಲಿ ಹಿಪೊಕ್ಯಾಂಪಸ್ (ನೆನಪಿಗೆ ಬೇಕಾದ ಮಿದುಳಿನ ಭಾಗ) ಗಾತ್ರ ತೆಗೆದಿದ್ದೇನೆ.

ಗಂಡಸರ ತಲೆ ಸರಾಸರಿಯಲ್ಲಿ ದೊಡ್ಡದು. ಹಾಗೇ ಹೋಲಿಸಿದರೆ ತಪ್ಪಾಗುತ್ತದೆ, ಅಲ್ವಾ? ಅದಕ್ಕೆ ತಲೆಬುರುಡೆಯ ಒಳಗಾತ್ರದಿಂದ, ಅಂದರೆ ಇಟಿಐವಿಯಿಂದ, ಸುಮ್ನೆ ಭಾಗಿಸಿದೆ. ಲೆಕ್ಕ ತಿರುಗಿಬಿತ್ತು, ಹೆಂಗಸರದ್ದೇ ಜಾಸ್ತಿ ಬಂತು! ತಲೆ ಹಿಗ್ಗಿದಷ್ಟೇ ಪ್ರಮಾಣದಲ್ಲಿ ಹಿಪೊಕ್ಯಾಂಪಸ್ ಹಿಗ್ಗುವುದಿಲ್ಲ. ಹಾಗಾಗಿ ಭಾಗಾಕಾರ ಅತಿಯಾಗಿ ತಿದ್ದಿದೆ ಅನ್ನಿಸುತ್ತದೆ.

ಈಗ ರೆಸಿಜುವಲ್ ವಿಧಾನ, ಅಂದರೆ ತಲೆ ಗಾತ್ರಕ್ಕೆ ನಿರೀಕ್ಷಿಸುವುದಕ್ಕಿಂತ ಹಿಪೊಕ್ಯಾಂಪಸ್ ಎಷ್ಟು ಹೆಚ್ಚು-ಕಡಿಮೆ ಎಂದು ನೋಡುವುದನ್ನು, ಬಳಸಬೇಕೆಂದಿದ್ದೇನೆ. ಅದಕ್ಕೆ ಬೇಕಾದ ಸ್ಲೋಪ್ (ತಲೆ ಹಿಗ್ಗಿದಂತೆ ಹಿಪೊಕ್ಯಾಂಪಸ್ ಎಷ್ಟು ಹಿಗ್ಗುತ್ತದೆ ಎಂಬ ದರ) ಅನ್ನು ಕಾಯಿಲೆ ಇಲ್ಲದವರಿಂದ ಮಾತ್ರ ತೆಗೆಯಲೇ, ಎಲ್ಲರಿಂದಲೂ ತೆಗೆಯಲೇ? ಅಥವಾ ವಯಸ್ಸು, ಲಿಂಗದ ಜೊತೆ ಇಟಿಐವಿಯನ್ನೂ ರಿಗ್ರೆಶನ್‌ಗೆ (ಹಲವು ಅಂಶಗಳ ಪ್ರಭಾವವನ್ನು ಒಟ್ಟಿಗೆ ಅಂದಾಜಿಸುವ ಲೆಕ್ಕಕ್ಕೆ) ಸೇರಿಸಿದರೆ ಸಾಕೇ?

ಇನ್ನೊಂದು. ಒಬ್ಬ ಅಜ್ಜಿಯ ಸ್ಕ್ಯಾನ್‌ನಲ್ಲಿ ಟಲೈರಾಕ್ ಹೊಂದಿಕೆಯೇ (ಸ್ಕ್ಯಾನನ್ನು ಮಾದರಿ ಮಿದುಳಿಗೆ ಹೊಂದಿಸುವ ಹಂತ) ವಾಲಿತ್ತು, ಇಟಿಐವಿ ತಪ್ಪಾಗಿ ಬಂದಿತ್ತು. 62ನ್ನೂ ಕಣ್ಣಲ್ಲೇ ನೋಡಬೇಕೇ? ಮಾಡಿದವರು ದಯವಿಟ್ಟು ತಿಳಿಸಿ.