ಪದಚರ್ಚೆ: ‘ಆತ್ಮೀಯ ಯುದ್ಧ’ ಅಂದರೆ ಯಾರ ಕೂಡ?

ಎಲ್ಲರಿಗೂ ನಮಸ್ಕಾರ.

ಬೀದರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಉರುಸಿನ ಬ್ಯಾನರ್, ಎಲ್ಲವೂ ಬರುತ್ತವೆ. ಹೋದ ವಾರ ಒಬ್ಬ ಪಾಸ್ಟರ್ ಮೂರು ದಿನದ ಉಜ್ಜೀವನ ಕೂಟಕ್ಕೆ (ರಿವೈವಲ್ ಮೀಟಿಂಗಿಗೆ) ಪೋಸ್ಟರ್ ಮಾಡಿಸಲು ಬಂದರು. ಮೇಲೆ ದಪ್ಪ ಅಕ್ಷರದಲ್ಲಿ ‘ಆತ್ಮೀಯ ಯುದ್ಧ’, ಪಕ್ಕದಲ್ಲಿ ಒಂದು ಕತ್ತಿ. ಚಹಾ ಕುಡಿಯುತ್ತಾ ಕೂತಿದ್ದ ಗೆಳೆಯ ಅದನ್ನು ಓದಿ, “ಆತ್ಮೀಯರ ಕೂಡ ಯುದ್ಧ ಯಾಕ್ರೀ ಸರ? ಅದು ನಮ್ಮ ಮನ್ಯಾಗ ದಿನಾ ನಡೀತದ” ಅಂದ. ಪಾಸ್ಟರೂ ನಕ್ಕರು. ಪದ ಬದಲಿಸೋಣವೇ ಎಂದರೆ ಮಾತ್ರ, “ನಮ್ಮ ಮಂದಿಗಿ ತಿಳೀತದ ಬಿಡ್ರಿ” ಎಂದರು.

ತಿಳಿಯುವುದೇನೋ ನಿಜ. ಇಂಗ್ಲಿಷಿನ ‘ಸ್ಪಿರಿಚುಯಲ್ ವಾರ್‌ಫೇರ್’, ಅಂದರೆ ನಂಬಿದವರು ಸೈತಾನನ ಎದುರು ನಡೆಸುವ ಹೋರಾಟ. ನಾನೂ ಮೆಥಡಿಸ್ಟ್ ಮನೆಯಲ್ಲಿ ಬೆಳೆದವನು. ‘ಆತ್ಮೀಯ ಜೀವಿತ’, ‘ಆತ್ಮೀಯ ಬೆಳವಣಿಗೆ’ ಎಂದು ಪ್ರಸಂಗದಲ್ಲಿ (ಚರ್ಚಿನ ಉಪದೇಶದಲ್ಲಿ) ಕೇಳುವಾಗ ಯಾರೂ ನಗುತ್ತಿರಲಿಲ್ಲ. ಚರ್ಚಿನ ಗೇಟು ದಾಟಿದರೆ ಅದೇ ಪದ ‘ಆತ್ಮೀಯ ಗೆಳೆಯ’, ‘ಆತ್ಮೀಯ ಸ್ವಾಗತ’. ಕೆಲವರು ‘ಆತ್ಮೀಕ’ ಎಂದು ದೀರ್ಘ ಕೊಟ್ಟು ಬರೆಯುತ್ತಾರೆ. ಆ ದೀರ್ಘಕ್ಕೆ ಆಧಾರವೇನೋ ಕಾಣೆ, ‘ಆತ್ಮೀಯ’ದ ನೆರಳಿರಬೇಕು. ‘ಆಧ್ಯಾತ್ಮಿಕ’ ಎಂದರೆ ಊರಿಗೆಲ್ಲ ಅರ್ಥವಾಗುತ್ತದೆ, ಆದರೆ ಅದು ವೇದಾಂತದ ಕಡೆಗೆ ಎಳೆಯುತ್ತದೆ ಎಂದು ಚರ್ಚಿನ ಸಭೆಯವರಿಗೆ ಅಳುಕು. ಇವರು ಹೇಳುವುದು ತನ್ನ ಆತ್ಮದ ವಿಚಾರಕ್ಕಿಂತ ಹೆಚ್ಚಾಗಿ ಪವಿತ್ರಾತ್ಮನಿಗೆ ಸೇರಿದ್ದು. ಹಳೆಯ ಸತ್ಯವೇದದ (ಕನ್ನಡ ಬೈಬಲಿನ) ಅನುವಾದಕರು ಈ ತಂಟೆಯೇ ಬೇಡವೆಂದು ‘ಆತ್ಮಸಂಬಂಧವಾದ’ ಎಂದು ಬಿಡಿಸಿ ಬರೆದರು. ಪೋಸ್ಟರಿನಲ್ಲಿ ಅದು ಎರಡು ಸಾಲು ತಿನ್ನುತ್ತದೆ. ನನ್ನ ಮತ ‘ಆತ್ಮಿಕ’ಕ್ಕೆ.

ಈ ಭಾಗ ಸುಲಭ. ಗಂಟು ಇರುವುದು ‘ಯುದ್ಧ’ದಲ್ಲಿ.

ಈ ಎರಡು ಪದಗಳ ಜೋಡಿ ಇದೇ ರೂಪದಲ್ಲಿ ಸತ್ಯವೇದದಲ್ಲಿ ಎಲ್ಲೂ ಬರುವುದಿಲ್ಲ. ಇದಕ್ಕೆ ಆಧಾರವಾಗಿ ಎಲ್ಲರೂ ತೆಗೆಯುವುದು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ಅಲ್ಲಿ 12ನೇ ವಚನದಲ್ಲಿ, ನಾವು ‘ಹೋರಾಡುವದು ಮನುಷ್ಯಮಾತ್ರದವರ ಸಂಗಡವಲ್ಲ’ ಎಂದಿದೆ. ‘ಮನುಷ್ಯಮಾತ್ರದವರು’ ಎಂಬಲ್ಲಿ ಮೂಲ ಗ್ರೀಕಿನಲ್ಲಿರುವುದು ರಕ್ತಮಾಂಸ. ‘ಹೋರಾಟ’ ಎಂಬಲ್ಲಿ ಇರುವುದು ‘ಪಾಲೇ’. ಪಾಲೇ ಅಂದರೆ ಕುಸ್ತಿ! ಅಖಾಡದಲ್ಲಿ ಮೈಗೆ ಮೈ ತಾಗಿಸಿ ಆಡುವ ಕುಸ್ತಿ. ಹೊಸ ಒಡಂಬಡಿಕೆಯಲ್ಲಿ ಆ ಪದ ಇದೊಂದೇ ಕಡೆ ಬರುತ್ತದೆ. ಆದಿಕಾಂಡದ 32ನೇ ಅಧ್ಯಾಯದಲ್ಲಿ ಯಾಕೋಬ ಬೆಳಗಾಗುವ ತನಕ ಒಬ್ಬನ ಸಂಗಡ ಸೆಣಸುತ್ತಾನಲ್ಲ, ಅದರ ಹಳೆಯ ಗ್ರೀಕ್ ಅನುವಾದದಲ್ಲೂ ಇದೇ ಧಾತು. ಕನ್ನಡದಲ್ಲೂ ಎರಡೂ ಕಡೆ ‘ಹೋರಾಡು’ ಎಂದೇ ಇದೆ. ಅನುವಾದಕರ ಕಿವಿ ಚುರುಕಾಗಿತ್ತು.

ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ (6:12) ‘ನಂಬಿಕೆಯ ಹೋರಾಟ’ ಎಂದಾಗ ಮೂಲದಲ್ಲಿ ‘ಅಗೋನ್’, ಪಂದ್ಯದ ಪದ. ನಿಜವಾದ ದಂಡಿನ ಪದ ಬರುವುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 10ನೇ ಅಧ್ಯಾಯದಲ್ಲಿ, ಕೋಟೆ ಕೆಡವುವ ಮಾತಿನೊಡನೆ. ಕನ್ನಡದಲ್ಲಿ ಅಲ್ಲಿ ‘ಯುದ್ಧ’ವೇ ಇದೆ, ಸರಿಯಾಗಿಯೇ ಇದೆ. (ಸಂಡೇ ಸ್ಕೂಲಿನಲ್ಲಿ ನಾವು ಅದನ್ನು ನಮ್ಮೂರ ಬಹಮನಿ ಕೋಟೆ ಅಂದುಕೊಂಡಿದ್ದೆವು.) ಅಲ್ಲೂ ಕೆಡವಬೇಕಾದದ್ದು ವಿತರ್ಕಗಳನ್ನು ಎಂದು ಮುಂದಿನ ವಚನದಲ್ಲೇ ಬರುತ್ತದೆ.

ಹಾಗಾದರೆ ‘ಆತ್ಮಿಕ ಹೋರಾಟ’ ಅನ್ನಬಹುದಲ್ಲ? ಹಳಗನ್ನಡದ ‘ಪೋರ್’, ತಮಿಳಿನ ‘ಪೋರ್’ ಎಲ್ಲ ಒಂದೇ ಬಳ್ಳಿ, ಅರ್ಥವೂ ಗಟ್ಟಿ. ನಮ್ಮ ಭಾಗದಲ್ಲಿ ಮಾತ್ರ ಆ ಪದ ಬೇರೆ ಕೆಲಸಕ್ಕೆ ನಿಂತಿದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ಹೋರಾಟ, ಸಂವಿಧಾನದ 371(ಜೆ) ವಿಧಿಯ ಹೋರಾಟ, ಹೋರಾಟ ಸಮಿತಿ, ಹೋರಾಟಗಾರರು. ಗೋಡೆಯ ಮೇಲೆ ‘ಹೋರಾಟ’ ಕಂಡರೆ ಜನ ಮೊದಲು ಕೇಳುವುದು, “ಬಂದ್ ಎಂದದ?” ಅಂತ.

ಉಳಿದದ್ದು ಕುಸ್ತಿ. ಮಣ್ಣಿನ ಅಖಾಡ, ಪೈಲವಾನರು, ಗೆದ್ದವನಿಗೆ ಬೆಳ್ಳಿ ಕಡಗ. ಜಾತ್ರೆಯಲ್ಲಿ ಇದನ್ನು ನೋಡದವರು ಇಲ್ಲಿ ಕಡಿಮೆ. ಎಫೆಸದ ಅದೇ ಅಧ್ಯಾಯದ 11ನೇ ವಚನದ ‘ಸೈತಾನನ ತಂತ್ರೋಪಾಯ’ಕ್ಕೆ ಪೈಲವಾನರ ಬಾಯಲ್ಲಿ ಸಿದ್ಧ ಪದವಿದೆ: ಡಾವು. “ಸೈತಾನ ಯಾವ ಡಾವು ಹಾಕ್ತಾನ ನೋಡಿ ನಿಲ್ಲು” ಎಂದರೆ ನನ್ನ ಅಜ್ಜಿಗೂ ತಿಳಿಯುತ್ತಿತ್ತು. ತೊಡಕೇನೆಂದರೆ ಕುಸ್ತಿಗೆ ಲಂಗೋಟಿ ಸಾಕು, ಪತ್ರ ಬರೆದ ಪೌಲ ಅದೇ ಉಸಿರಿನಲ್ಲಿ ಎದೆಕವಚ, ಗುರಾಣಿ, ಶಿರಸ್ತ್ರಾಣ ಎಲ್ಲ ತೊಡಿಸುತ್ತಾನೆ. ಕವಚ ತೊಟ್ಟ ಪೈಲವಾನನನ್ನು ನಾನಂತೂ ಕಂಡಿಲ್ಲ.

ಆ ಪಟ್ಟಿಗೆ ಕನ್ನಡದಲ್ಲಿ ‘ಸರ್ವಾಯುಧ’ ಎಂಬ ಹೆಸರಿದೆ, ನಮ್ಮ ಕಿವಿಗೆ ಹೊಡೆಯುವ ಸಾಮಾನೇ ತುಂಬಿದಂತೆ. ಎಣಿಸಿದರೆ ನಡುಕಟ್ಟು, ಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಕತ್ತಿ. ಆರರಲ್ಲಿ ಹೊಡೆಯುವುದಕ್ಕೆ ಇರುವುದು ಕತ್ತಿ ಒಂದೇ, ಅದೂ ದೇವರ ವಾಕ್ಯ. ಕ್ರಿಯಾಪದ ನೋಡಿದರೆ ಮತ್ತೆ ಮತ್ತೆ ‘ನಿಲ್ಲು’. ನುಗ್ಗು, ಕೊಲ್ಲು ಎಂದು ಎಲ್ಲೂ ಇಲ್ಲ. ಅಂದಹಾಗೆ ಆ ‘ಕೆರ’ವನ್ನು ಈಗಿನ ಪ್ರಸಂಗಗಳಲ್ಲಿ ‘ಪಾದರಕ್ಷೆ’ ಮಾಡಿದ್ದಾರೆ. ನಮ್ಮ ಕಡೆ ಕೆರ ಈಗಲೂ ಬಾಗಿಲಲ್ಲಿ ಬಿಡುವ ಕೆರವೇ. ಬೈಗುಳದಲ್ಲಿ ಹೆಚ್ಚು ಬಳಸಿ ಅದರ ಮಾನ ಕಳೆದೆವೋ ಏನೋ.

ಕತ್ತಿಯ ಚಿತ್ರದ ಕೆಳಗೆ ‘ಯುದ್ಧ’ ಎಂದು ಬರೆದು ಬೀದರಿನಂಥ ಊರಿನ ಗೋಡೆಗೆ ಅಂಟಿಸಿದರೆ, ಎದುರಾಳಿ ರಕ್ತಮಾಂಸದವನಲ್ಲ ಎಂಬ ಮುಖ್ಯ ಮಾತೇ ಓದುವವನಿಗೆ ಮುಟ್ಟುವುದಿಲ್ಲ ಎಂಬುದು ನನ್ನ ತಕರಾರು. ನನಗೆ ಸದ್ಯ ಹೊಳೆದಿರುವುದು ‘ಆತ್ಮಿಕ ಸೆಣಸಾಟ’. ಸೆಣಸು ಎಂಬಲ್ಲಿ ಕುಸ್ತಿಯೂ ಇದೆ, ಪಟ್ಟು ಬಿಡದಿರುವುದೂ ಇದೆ. ಆದರೆ ನಮ್ಮ ಕಡೆ ಆಡುಮಾತಿನಲ್ಲಿ ಅದು ಇಲ್ಲ, ಕ್ರಿಕೆಟ್ ವರದಿಯಲ್ಲಷ್ಟೇ ಓದುತ್ತೇವೆ. ಆಡುಮಾತಿನ ‘ಗುದ್ದಾಟ’ ಇಟ್ಟರೆ ಪಾಸ್ಟರ್ ಮುಂಗಡ ವಾಪಸು ಕೇಳುತ್ತಾರೆ.

ಯಾದಗಿರಿ, ಕಲಬುರಗಿ ಕಡೆಯ ಸಭೆಗಳಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತಾರೆ? ಮಂಗಳೂರು, ಹುಬ್ಬಳ್ಳಿ ಕಡೆಯವರು ‘ಆತ್ಮೀಯ’ವನ್ನು ಈ ಅರ್ಥದಲ್ಲಿ ಬಳಸುತ್ತಾರೆಯೇ? ಕುಸ್ತಿ ಬಲ್ಲವರು ಯಾರಾದರೂ ಇದ್ದರೆ, ಬೀಳದೆ ಕಾಲೂರಿ ನಿಲ್ಲುವುದಕ್ಕೆ ಅಖಾಡದಲ್ಲಿ ಬೇರೆ ಪದ ಇದೆಯೇ ತಿಳಿಸಿ. ಪೋಸ್ಟರ್ ಶುಕ್ರವಾರ ಅಚ್ಚಿಗೆ ಹೋಗಬೇಕು. ಕತ್ತಿಯನ್ನು ತುಸು ಸಣ್ಣದು ಮಾಡಲು ಪಾಸ್ಟರ್ ಒಪ್ಪಿದ್ದಾರೆ.