ಚೋಕ್ ಒಳಗೆ ತಳ್ಳಿದ ಕೂಡಲೇ ಅಂಬಾಸಿಡರ್ ಬಂದ್, ಯಾಕೆ?

ಮುಳ್ಳೇರಿಯದವ:
ಅಪ್ಪನ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್, ಎಸ್‌ಯು ಕಾರ್ಬೊರೇಟರ್. ಬೆಳಗ್ಗೆ ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಒಳಗೆ ತಳ್ಳಿದರೆ ಬಂದ್. ಗ್ಯಾರೇಜಿನಲ್ಲಿ ಐಡ್ಲಿಂಗ್ (ಆಕ್ಸಲರೇಟರ್ ಒತ್ತದಾಗಿನ ಎಂಜಿನ್ ವೇಗ) ಏರಿಸಿಕೊಟ್ಟರು. ಈಗ ಬೆಳಗ್ಗೆ ನಿಲ್ಲುವುದಿಲ್ಲ, ಆದರೆ ಜಾಲ್ಸೂರು ತಲುಪುವಾಗ ಬಿಸಿಯಾಗಿ ಸುಮ್ನೆ ಕಿರುಚುತ್ತದೆ. ಅದರ ಬದಲು ಸೋಲೆಕ್ಸ್ ಕಾರ್ಬೊರೇಟರ್ ಹಾಕಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಹಾಕಿಸುವುದಾ?

ಉಪ್ಪಳದ ಹಳೇ ಮೆಕ್ಯಾನಿಕ್:
ಸೋಲೆಕ್ಸ್ ಎಲ್ಲ ಬೇಡ ಮಾರಾಯ್ರೇ. ನಿಮ್ಮದು ಲೀನ್ ಆಗಿದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲುತ್ತಿಲ್ಲ, ಅದನ್ನು ಮುಚ್ಚಲು ಐಡ್ಲಿಂಗ್ ಏರಿಸಿದ್ದಾರೆ, ಅಷ್ಟೇ.

ಎಸ್‌ಯುನಲ್ಲಿ ಗಾಳಿಗೆ ಅಡ್ಡ ಬರುವ ಚೋಕ್ ತಗಡು ಇಲ್ಲ. ನಾಬ್ ಎಳೆದರೆ ಪೆಟ್ರೋಲ್ ಬರುವ ಸಣ್ಣ ಕೊಳವೆ, ಜೆಟ್, ಕೆಳಗಿಳಿಯುತ್ತದೆ, ಅದರೊಳಗಿನ ಸೂಜಿಯ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕಿನಲ್ಲಿ ಮಾತ್ರ ಓಡುತ್ತದೆ ಅಂದರೆ ಜೆಟ್ ಇರಬೇಕಾದ್ದಕ್ಕಿಂತ ಮೇಲಿದೆ ಅಂತ ಅರ್ಥ.

ಮೊದಲು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ 15 ಥೌ, ಪ್ಲಗ್ 25 ಥೌ ಗ್ಯಾಪ್ ನೋಡಿಕೊಳ್ಳಿ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ). ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಚೋಕ್ ಪೂರ್ತಿ ಒಳಗೆ ಇರಲಿ, ಕೇಬಲಿಗೆ ಚೂರು ಸಡಿಲ ಇರಬೇಕು. ಆಮೇಲೆ ಕಾರ್ಬೊರೇಟರಿನ ಪಕ್ಕದ ಪುಟ್ಟ ಪಿನ್ ಕೆಳಗಿನಿಂದ ಮೆಲ್ಲ ಒತ್ತಿ. ಮೊದಲು ಸುಮ್ನೆ ಏರುತ್ತದೆ, ಮತ್ತೆ ಬೆರಳಿಗೆ ಕಾರ್ಬೊರೇಟರಿನೊಳಗಿನ ಪಿಸ್ಟನ್ನಿನ ಭಾರ ಸಿಗುತ್ತದೆ. ಅಲ್ಲಿಂದ ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಸದ್ದು ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಏರಿ ಅಲ್ಲೇ ಉಳಿದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಕುಸಿದು ನಿಂತರೆ ಲೀನ್, ನಿಮ್ಮದು ಹೀಗೇ ಆಗಬೇಕು. ಇದು ಕಿವಿಯ ಕೆಲಸ. ಪಕ್ಕದಲ್ಲಿ ಹಾಡು ಹಾಕಿಕೊಂಡು ಟ್ಯೂನಿಂಗ್ ಮಾಡುವವರಿಗೆ ಕಾರು ಕೊಡಬೇಡಿ.

ಜೆಟ್ಟಿನ ಅಡಿಯಲ್ಲಿ ಆರು ಮುಖದ ನಟ್ ಇದೆ. ಕೆಳಗಿಳಿಸಿದರೆ ರಿಚ್, ಮೇಲೇರಿಸಿದರೆ ಲೀನ್. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಮತ್ತೆ ಪಿನ್ ಎತ್ತಿ ನೋಡಿ. ಐಡ್ಲಿಂಗ್ ಸ್ಕ್ರೂ ಕೊನೆಗೆ. ಚೋಕ್ ಸ್ವಲ್ಪ ಎಳೆದಾಗ ರೇಸ್ ಏರಿಸುವ ಸ್ಕ್ರೂ ಬೇರೆ ಇದೆ, ಬೆಳಗ್ಗಿನ ಸಮಸ್ಯೆಗೆ ಮುಟ್ಟಬೇಕಾದ್ದು ಅದನ್ನು.

ಪೆರ್ಲ ಅಡಿಕೆ ತೋಟ:
ಕಾರ್ಬೊರೇಟರಿನ ಮೇಲಿನ ಕ್ಯಾಪ್ ಬಿಚ್ಚಿ ಎಣ್ಣೆ ಇದೆಯಾ ನೋಡಿ. ಮತ್ತೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ ಅಲ್ವಾ, ಹಳೇ ಸೆಟ್ಟಿಂಗಿಗೆ ಅದೇ ಲೀನ್ ಆಗುತ್ತದೆ.

ಉಪ್ಪಳದ ಹಳೇ ಮೆಕ್ಯಾನಿಕ್:
ಎಥೆನಾಲ್ ಮಾತು ಸರಿ. ರಬ್ಬರ್ ಪೈಪೂ ನೋಡಿಕೊಳ್ಳಿ, ಹಳತನ್ನು ಅದು ತಿನ್ನುತ್ತದೆ. ಎಣ್ಣೆ ಖಾಲಿಯಾದರೆ ಆಕ್ಸಲರೇಟರ್ ಒತ್ತುವಾಗ ಗಾಡಿ ತಡವರಿಸುತ್ತದೆ, ಐಡ್ಲಿಂಗಿಗೆ ಸಂಬಂಧ ಇಲ್ಲ. 20 ನಂಬರಿನ ತೆಳು ಎಣ್ಣೆ ಸಾಕು.

ಮುಳ್ಳೇರಿಯದವ:
ಪಿನ್ ಎತ್ತಿದ ಕೂಡಲೇ ನಿಂತಿತು ಅಣ್ಣ. ನಟ್ ಇಳಿಸಿದೆ, ಈಗ ಚೋಕ್ ಇಲ್ಲದೆ ಓಡುತ್ತಿದೆ. ಆದರೆ ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ.

ಉಪ್ಪಳದ ಹಳೇ ಮೆಕ್ಯಾನಿಕ್:
ಥ್ರಾಟಲ್ ಸ್ಪಿಂಡಲ್, ಅಂದರೆ ಆಕ್ಸಲರೇಟರ್ ಒತ್ತುವಾಗ ಕಾರ್ಬೊರೇಟರಿನಲ್ಲಿ ತಿರುಗುವ ಸರಳು, ಹಿಡಿದು ಅಲ್ಲಾಡಿಸಿ. ಲಡಲಡ ಅಂದರೆ ಸವೆದಿದೆ, ಅಲ್ಲಿಂದ ಗಾಳಿ ಎಳೆಯುತ್ತಿದೆ. ಅದಕ್ಕೆ ಬುಷ್ ಹಾಕಿಸದೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ಒಂದೇ ಸಮ ಇರದು. ಲೇತ್ ಇರುವ ಕಡೆ ಕೊಡಿ.